ಬಂಡಿದಾರಿ ರಿಪೇರಿಗೆ ಹೊರಟ ಜೀಪ್ ಕ್ಲಬ್ ಗೆಳೆಯರಿಗೆ

ಮೈಸೂರು, ಮಂಡ್ಯದ ಆಫ್‌ರೋಡ್ ಕ್ಲಬ್‌ನವರು ಭಾನುವಾರ ಗುದ್ದಲಿ ಹಿಡಿದು ಹಳ್ಳಿಯ ಬಂಡಿದಾರಿ ಸರಿಮಾಡಲು ಹೊರಡೋದು ನಿಜಕ್ಕೂ ಖುಷಿಯ ವಿಷಯ. ಆದರೆ ಗುಂಡಿಗೆ ಮಣ್ಣು ಸುರಿದು ಬಂದುಬಿಡಬೇಡಿ, ನಮ್ಮ ಕೆಮ್ಮಣ್ಣು ಒಂದು ಜೋರು ಮಳೆಗೇ ಕೊಚ್ಚಿಹೋಗುತ್ತೆ. ದಾರಿ ಕೆಡೋದು ಚಕ್ರದ ಜಾಡಲ್ಲಿ ನೀರು ಹರಿಯೋದರಿಂದ. ಆ ನೀರನ್ನು ಪಕ್ಕಕ್ಕೆ ಇಳಿಸೋದೇ ಮುಖ್ಯ ಕೆಲಸ.

ಇಳಿಜಾರಿನಲ್ಲಿ ದಾರಿಗೆ ಅಡ್ಡಲಾಗಿ, ಸ್ವಲ್ಪ ಓರೆಯಾಗಿ ಕಾಲುವೆ ತೋಡಿ. ತೆಗೆದ ಮಣ್ಣನ್ನು ಅದರ ಕೆಳಬದಿಗೇ ಏರಿಯ ಹಾಗೆ ಹಾಕಿ, ದಿಮ್ಮಸು ಹೊಡೆದು ಗಟ್ಟಿಮಾಡಿ. ಇಳಿಜಾರು ಹೆಚ್ಚಿದ್ದಷ್ಟೂ ಕಾಲುವೆಗಳು ಹತ್ತಿರ ಹತ್ತಿರ ಇರಲಿ. ನೀರು ಬೀಳುವ ಬಾಯಿಗೆ ಕಲ್ಲು ಜೋಡಿಸಿ. ಅದು ಯಾರ ರಾಗಿ ಹೊಲಕ್ಕೂ ನುಗ್ಗಬಾರದು, ಅಕ್ಕಪಕ್ಕದ ರೈತರನ್ನು ಕೇಳಿಯೇ ಜಾಗ ಗುರುತು ಮಾಡಿ. ಮಳೆಯ ಹರಿವು ಅವರಿಗೆ ಗೊತ್ತಿರುವಷ್ಟು ನಮಗೆ ಗೊತ್ತಿರಲ್ಲ.

ಗ್ರಾಮ ನಕಾಶೆ ನೋಡಿ, ಪಂಚಾಯಿತಿ ಒಪ್ಪಿಗೆ ಪಡೆಯಿರಿ. ಮೇಲುಕೋಟೆ ಕಡೆ ಇನ್ನೂ ಎಚ್ಚರ ಬೇಕು: ಅಲ್ಲಿ ತೋಳಗಳ ರಕ್ಷಣೆಗೆಂದು 1974ರಲ್ಲೇ ಘೋಷಿಸಿದ ವನ್ಯಜೀವಿಧಾಮವಿದೆ. ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಅಲ್ಲಿ ಒಂದು ಲಂಟಾನ ಪೊದೆಯನ್ನೂ ಕಡಿಯಬೇಡಿ.

ಇದೆಲ್ಲ ಮುಂಗಾರಿಗೆ ಮೊದಲೇ ಮುಗಿಯಲಿ. ಮಳೆ ಬಿದ್ದ ಮೇಲೆ ನೆಲ ಒಣಗುವವರೆಗೂ ಆ ದಾರಿಗೆ ಗಾಡಿ ಇಳಿಸಬೇಡಿ.