ಸ್ಟೇರಿಂಗ್‌ನಲ್ಲಿ ಆಟ ಬಂದರೆ: ಪಿಕಪ್‌ನ ಟೈರಾಡ್ ಎಂಡ್ ಮನೆಯಂಗಳದಲ್ಲೇ ಬದಲಿಸುವುದು

ನಮ್ಮ ಕಡೆಯಿಂದ ಉಡುಪಿಗೆ ಬಾಡಿಗೆ ಬಂತೆಂದರೆ ಆಗುಂಬೆ ಘಾಟಿ ಇಳಿಯಬೇಕು. 14 ಹೇರ್‌ಪಿನ್ ತಿರುವು. ಹೋದ ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಪಿಕಪ್ ಆ ತಿರುವುಗಳಲ್ಲಿ ಹೇಳಿದ ಮಾತು ಕೇಳುವುದು ನಿಧಾನವಾಗಿತ್ತು. ಸ್ಟೇರಿಂಗ್ ಎರಡು ಬೆರಳಿನಷ್ಟು ತಿರುಗಿದ ಮೇಲೆ ಚಕ್ರ ಹೊರಳುತ್ತಿತ್ತು. ಗುಂಡಿಗೆ ಬಿದ್ದರೆ ಕಾಲಡಿಯಲ್ಲಿ ‘ಟಕ್’ ಎಂಬ ಸದ್ದು. ದಿನಾ ಓಡಿಸುವವರಿಗೆ ಇದು ಬೇಗ ತಿಳಿಯುವುದಿಲ್ಲ, ಕೈ ತಾನಾಗಿ ಹೊಂದಿಕೊಂಡುಬಿಡುತ್ತದೆ. ತಮ್ಮ ಒಂದು ದಿನ ಓಡಿಸಿ, “ಇದನ್ನ ಹೆಂಗೆ ಘಾಟಿ ಇಳಿಸ್ತಿದೀಯ?” ಅಂದಾಗಲೇ ನಾನು ಗಾಡಿ ಅಡಿಗೆ ನುಗ್ಗಿದ್ದು.

ಮೊದಲು ಸವೆದದ್ದು ಯಾವುದೆಂದು ಹುಡುಕಬೇಕು. ಚಕ್ರ ನೆಲದ ಮೇಲೇ ಇರಲಿ, ಇಂಜಿನ್ ಆಫ್. ಒಬ್ಬರು ಸ್ಟೇರಿಂಗನ್ನು ಸ್ವಲ್ಪ ಸ್ವಲ್ಪ ಎಡಕ್ಕೆ ಬಲಕ್ಕೆ ಅಲ್ಲಾಡಿಸುತ್ತಿರಲಿ. ನೀವು ಅಡಿಯಲ್ಲಿ ಮಲಗಿ ಒಂದೊಂದೇ ಜಾಯಿಂಟನ್ನು ಅಂಗೈಯಲ್ಲಿ ಮುಚ್ಚಿ ಹಿಡಿಯಿರಿ. ಕಣ್ಣಿಗೆ ಕಾಣದ ಆಟ, ಅಂದರೆ ಸಡಿಲ, ಕೈಗೆ ತಿಳಿಯುತ್ತದೆ. ಆಮೇಲೆ ಚಕ್ರ ಎತ್ತಿ, ಗಡಿಯಾರದ 3 ಮತ್ತು 9ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿ. ಅಲ್ಲಿ ಮಾತ್ರ ಆಟವಿದ್ದರೆ ಬಹುಪಾಲು ಟೈರಾಡ್ ಎಂಡ್, ಅಂದರೆ ಸ್ಟೇರಿಂಗ್‌ನ ರಾಡನ್ನು ಚಕ್ರದ ತೋಳಿಗೆ ಸೇರಿಸುವ ತುದಿಯ ಜಾಯಿಂಟ್. 12 ಮತ್ತು 6ರಲ್ಲೂ ಅಲ್ಲಾಡಿದರೆ ಬೇರಿಂಗ್ ಅಥವಾ ಕಿಂಗ್‌ಪಿನ್ (ಚಕ್ರ ಎಡಬಲಕ್ಕೆ ಹೊರಳುವ ಆಣಿ) ಕಡೆ ನೋಡಬೇಕು, ಅದು ಬೇರೆಯೇ ಕೆಲಸ. ರಾಡ್ ಬಗ್ಗಿದ್ದರೆ, ಸ್ಟೇರಿಂಗ್ ಬಾಕ್ಸಲ್ಲೇ ಆಟವಿದ್ದರೆ ಮನೆಯಲ್ಲಿ ಕೈ ಹಾಕಬೇಡಿ.

ನನ್ನ ಗಾಡಿಯಲ್ಲಿ ಎರಡೂ ಎಂಡ್‌ಗಳ ರಬ್ಬರ್ ಬೂಟ್, ಅಂದರೆ ಜಾಯಿಂಟ್ ಮುಚ್ಚುವ ಕವಚ, ಹರಿದಿತ್ತು. ಒಳಗಿನ ಗ್ರೀಸಿಗೆ ಕೆಸರು ನೀರು ಸೇರಿ ಅರೆಯುವ ಪುಡಿಯಂತಾಗಿತ್ತು. ನಮ್ಮ ಮಳೆಗೆ ಬೂಟ್ ಹರಿದ ಜಾಯಿಂಟ್ ಬಾಳುವುದಿಲ್ಲ. ಆದರೆ ನನಗೆ ನಡುಕ ಹುಟ್ಟಿಸಿದ್ದು ಅದಲ್ಲ. ಎಡಗಡೆಯ ನಟ್‌ನಲ್ಲಿ ಅದು ಕಳಚದಂತೆ ತಡೆಯುವ ಸ್ಪ್ಲಿಟ್ ಪಿನ್ನಿನ ಬದಲು ಒಂದು ಮೊಳೆ ಬಗ್ಗಿಸಿ ಹಾಕಿತ್ತು. ಹಿಂದೆ ಗಾಡಿ ಬಿಟ್ಟಿದ್ದ ಒಂದು ಶೆಡ್‌ನವರ ಕೆಲಸ. ತುಕ್ಕು ಹಿಡಿದ ಆ ಮೊಳೆ ಇಕ್ಕುಳ ತಾಗಿಸಿದ ಕೂಡಲೇ ಎರಡು ತುಂಡಾಯಿತು. ಆ ನಟ್ ಕಳಚಿದ್ದರೆ ಸ್ಟೇರಿಂಗ್ ನನ್ನ ಕೈಯಲ್ಲಿರುತ್ತಿತ್ತು, ಚಕ್ರ ಅದರ ಪಾಡಿಗೆ ಹೋಗುತ್ತಿತ್ತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 98ನೇ ನಿಯಮ ಇದನ್ನೇ ಹೇಳುತ್ತದೆ: ಸ್ಟೇರಿಂಗ್‌ನಲ್ಲಿ 30 ಡಿಗ್ರಿ ಮೀರಿ ಆಟ ಇರಕೂಡದು, ಬಾಲ್ ಜಾಯಿಂಟ್‌ಗಳಿಗೆ ರಬ್ಬರ್ ಕ್ಯಾಪ್ ಇರಬೇಕು, ಪಿನ್ನುಗಳು ಸರಿಯಾಗಿ ಲಾಕ್ ಆಗಿರಬೇಕು. 30 ಡಿಗ್ರಿ ಅಂದರೆ ಗಡಿಯಾರದಲ್ಲಿ ಒಂದು ಗಂಟೆಯ ಅಂತರ. ಘಾಟಿಯಲ್ಲಿ ನನಗೆ ಅದೂ ಹೆಚ್ಚೇ.

ಸಾಮಾನು ತರುವಾಗ ಎಡ ಬಲ ಎರಡೂ ಎಂಡ್ ತನ್ನಿ. ನನ್ನಂಥ ಒಂದೇ ಉದ್ದನೆಯ ರಾಡ್ ಇರುವ ಗಾಡಿಗಳಲ್ಲಿ ಒಂದು ಕಡೆಯದು ಉಲ್ಟಾ ಥ್ರೆಡ್. ನೋಡಲು ಎರಡೂ ಒಂದೇ ಥರ, ಆದ್ದರಿಂದ ಅಂಗಡಿಯಲ್ಲೇ ಥ್ರೆಡ್ ನೋಡಿ. ಹೊಸ ಸ್ಪ್ಲಿಟ್ ಪಿನ್ ನಾಲ್ಕು ತನ್ನಿ.

ಹಿಂದಿನ ರಾತ್ರಿಯೇ ನಟ್‌ಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಬೆಳಿಗ್ಗೆ ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ. ಜಾಕ್ ಎತ್ತುವುದಕ್ಕೆ ಮಾತ್ರ. ಎತ್ತಿದ ಮೇಲೆ ಆಕ್ಸಲ್ ಅಡಿಗೆ ಸ್ಟ್ಯಾಂಡ್ ಇಡಲೇಬೇಕು. ಮನೆಯಂಗಳದಲ್ಲಿ ಬಿದ್ದಿರುವ ಜಂಬಿಟ್ಟಿಗೆಯನ್ನು ಒಟ್ಟಿಕೊಂಡು ಅದರ ಮೇಲೆ ಕೂರಿಸುವ ಅಭ್ಯಾಸ ನಮ್ಮಲ್ಲಿದೆ. ದಯವಿಟ್ಟು ಬೇಡ. ಮಳೆ ಕುಡಿದ ಜಂಬಿಟ್ಟಿಗೆ ಭಾರಕ್ಕೆ ಪುಡಿಯಾಗುತ್ತದೆ, ಅಡಿಯಲ್ಲಿ ನಿಮ್ಮ ಎದೆ ಇರುತ್ತದೆ.

ಬಿಚ್ಚುವ ಮೊದಲು ಅಳತೆ. ರಾಡ್ ಮೇಲೆ ಬಿಳಿ ಪೇಂಟಿನಲ್ಲಿ ಒಂದು ಗೆರೆ ಹಾಕಿ, ಎಂಡ್‌ನ ನಟ್ಟಿನ ನಡುಭಾಗದಿಂದ ಆ ಗೆರೆಯವರೆಗೆ ಟೇಪ್ ಹಿಡಿದು ಗೋಡೆ ಮೇಲೆ ಬರೆದುಕೊಳ್ಳಿ. ಕೊನೆಗೆ ಹಳೆಯ ಎಂಡನ್ನು ರಾಡಿನಿಂದ ತಿರುಗಿಸಿ ತೆಗೆಯುವಾಗ ಎಷ್ಟು ಸುತ್ತು ಎಂದೂ ಎಣಿಸಿ. ಹೊಸ ಎಂಡ್ ಹಳೆಯದಕ್ಕಿಂತ ಚೂರು ಉದ್ದ ಗಿಡ್ಡ ಇದ್ದರೆ ಸುತ್ತಿನ ಲೆಕ್ಕ ಕೈಕೊಡುತ್ತದೆ, ಅಳತೆ ಕೈಕೊಡುವುದಿಲ್ಲ. ಆಮೇಲೆ ಎಂಡನ್ನು ರಾಡಿಗೆ ಬಿಗಿಯಾಗಿ ಹಿಡಿದಿರುವ ಲಾಕ್ ನಟ್ ಅರ್ಧ ಸುತ್ತು ಸಡಿಲಿಸಿ. ಕ್ಲಾಂಪ್ ಇದ್ದರೆ ಅದರ ಬೋಲ್ಟ್.

ಈಗ ಕಷ್ಟದ ಭಾಗ. ಸ್ಪ್ಲಿಟ್ ಪಿನ್ ತೆಗೆದು ನಟ್ ಬಿಚ್ಚಿ, ಆದರೆ ಪೂರ್ತಿ ತೆಗೆಯದೆ ನಾಲ್ಕೈದು ಥ್ರೆಡ್ ಮೇಲೆ ಬಿಡಿ. ಎಂಡ್‌ನ ಕಂಬ ಕೆಳಗೆ ಮೇಲೆ ಒಂದೇ ದಪ್ಪ ಇರುವುದಿಲ್ಲ, ಆಣಿಯಂತೆ ಕಚ್ಚಿಕೊಂಡಿರುತ್ತದೆ. ಕೆಳಗಿಂದ ಕಂಬಕ್ಕೇ ಹೊಡೆದರೆ ಥ್ರೆಡ್ ಅರಳಿ ಇನ್ನಷ್ಟು ಸಿಕ್ಕಿಕೊಳ್ಳುತ್ತದೆ. ಅದು ಕೂತಿರುವ ತೋಳಿನ ಕಣ್ಣಿನ ಪಕ್ಕಕ್ಕೆ ಹೊಡೆಯಬೇಕು. ಒಂದು ಕಡೆ ಭಾರದ ಸುತ್ತಿಗೆ ಒತ್ತಿ ಹಿಡಿದು, ಎದುರುಗಡೆಯಿಂದ ಇನ್ನೊಂದರಲ್ಲಿ ಬಲವಾಗಿ ಎರಡು ಮೂರು ಏಟು. ಕಬ್ಬಿಣ ಕ್ಷಣ ಮಾತ್ರ ಅದುರಿ ಹಿಡಿತ ಬಿಡುತ್ತದೆ. ನನಗೆ ಬಲಗಡೆಯದು ಮೂರನೇ ಏಟಿಗೆ ಬಿತ್ತು. ಮೊಳೆ ಇದ್ದ ಎಡಗಡೆಯದಕ್ಕೆ ಪುಲ್ಲರ್ (ಜಾಯಿಂಟ್ ಒತ್ತಿ ಬಿಡಿಸುವ ಸಾಧನ) ಹಾಕಿ ಬಿಗಿ ಇಟ್ಟುಕೊಂಡೇ ಹೊಡೆಯಬೇಕಾಯಿತು. ಕಣ್ಣಿಗೆ ಕನ್ನಡಕ ಇರಲಿ, ತುಕ್ಕಿನ ಚೂರು ಹಾರುತ್ತದೆ.

ಹೊಸದು ಕೂರಿಸುವ ಮೊದಲು ಆ ತೂತನ್ನು ಬಟ್ಟೆಯಲ್ಲಿ ಒರೆಸಿ. ಗ್ರೀಸ್ ಹಚ್ಚಬೇಡಿ, ಅಲ್ಲಿ ಒಣಗಿದ್ದರೇ ಹಿಡಿತ. ರಾಡಿನ ಥ್ರೆಡ್ಡಿಗೆ ಮಾತ್ರ ಚೂರು ಹಚ್ಚಿ, ಹೊಸ ಎಂಡನ್ನು ತಿರುಗಿಸಿ ಗೋಡೆ ಮೇಲಿನ ಅಳತೆಗೆ ತನ್ನಿ. ನಟ್ ಬಿಗಿಯುವಾಗ ಕಂಬವೇ ತಿರುಗಿದರೆ, ಹಾರೆಯಿಂದ ಎಂಡನ್ನು ತೂತಿಗೆ ಒತ್ತಿ ಹಿಡಿಯಿರಿ, ಕಚ್ಚಿಕೊಳ್ಳುತ್ತದೆ. ಗಾಡಿಯ ಪುಸ್ತಕದಲ್ಲಿರುವ ಟಾರ್ಕ್‌ಗೆ ಬಿಗಿದು, ಪಿನ್ನಿನ ತೂತು ಸರಿಹೊಂದದಿದ್ದರೆ ಇನ್ನಷ್ಟು ಬಿಗಿದು ಹೊಂದಿಸಿ. ಸಡಿಲಿಸಿ ಹೊಂದಿಸುವುದು ಎಂದೂ ಬೇಡ. ಹೊಸ ಪಿನ್ ಹಾಕಿ ಎರಡೂ ಕಾಲು ಬಗ್ಗಿಸಿ. ಗ್ರೀಸ್ ತುಂಬುವ ನಿಪ್ಪಲ್ ಇದ್ದರೆ ಬೂಟ್ ಸ್ವಲ್ಪ ಉಬ್ಬುವವರೆಗೆ ಗ್ರೀಸ್ ಕೊಡಿ, ಹೆಚ್ಚಾದರೆ ಬೂಟೇ ಒಡೆಯುತ್ತದೆ.

ಗಾಡಿ ಇಳಿಸಿ, ಸ್ಟೇರಿಂಗ್ ನೇರ ಮಾಡಿ ಸ್ವಲ್ಪ ಮುಂದೆ ಉರುಳಿಸಿ. ಎರಡೂ ಮುಂದಿನ ಟೈರಿನ ಹಿಂಬದಿಯಲ್ಲಿ, ಹಬ್ಬಿನ ಎತ್ತರಕ್ಕೆ, ಸೀಮೆಸುಣ್ಣದ ಗುರುತು ಹಾಕಿ ನಡುವಿನ ಅಂತರ ಅಳೆಯಿರಿ. ಚಕ್ರ ಅರ್ಧ ಸುತ್ತು ಉರುಳಿಸಿ ಅದೇ ಗುರುತು ಮುಂದೆ ಬಂದಾಗ ಮತ್ತೆ ಅಳೆಯಿರಿ. ಎರಡಕ್ಕೂ ಇರುವ ವ್ಯತ್ಯಾಸವೇ ಟೋ. ಅದು ಎಷ್ಟು ಮಿಲಿಮೀಟರ್ ಇರಬೇಕೆಂದು ಪುಸ್ತಕದಲ್ಲಿರುತ್ತದೆ. ವ್ಯತ್ಯಾಸ ಜಾಸ್ತಿಯಿದ್ದರೆ ರಾಡನ್ನೇ ತಿರುಗಿಸಿ ತರಬಹುದು. ಆಮೇಲೆ ಲಾಕ್ ನಟ್ ಬಿಗಿ ಮಾಡಿ. ಇದು ಅಲೈನ್‌ಮೆಂಟ್ ಅಂಗಡಿ ಮುಟ್ಟುವವರೆಗಿನ ವ್ಯವಸ್ಥೆ ಮಾತ್ರ. ಅಲ್ಲಿಗೆ ಹೋಗದಿದ್ದರೆ ಹೊಸ ಟೈರ್ ಒಂದೇ ಅಂಚಿನಲ್ಲಿ ಸವೆಯುತ್ತದೆ.

ನಾನು ಖಾಲಿ ಗಾಡಿಯಲ್ಲಿ ತೀರ್ಥಹಳ್ಳಿಗೆ ಹೋಗಿ ಅಲೈನ್‌ಮೆಂಟ್ ಮಾಡಿಸಿಕೊಂಡು ಬಂದೆ. ಸಂಜೆ ಮತ್ತೆ ಅಡಿಯಲ್ಲಿ ಮಲಗಿ, ತಮ್ಮನ ಕೈಲಿ ಸ್ಟೇರಿಂಗ್ ಅಲ್ಲಾಡಿಸಿ, ಎರಡೂ ಜಾಯಿಂಟ್ ಹಿಡಿದು ನೋಡಿದೆ. ಪಿನ್ನಿನ ಕಾಲುಗಳು ಬಗ್ಗಿಸಿದ ಹಾಗೇ ಇದ್ದವು. ಮರುದಿನ ಅಡಿಕೆ ಹೇರಿಕೊಂಡು ಘಾಟಿ ಇಳಿದೆ.