ಕೆಂಜೊ ತಾಂಗೆಯ ಜಂತಿಗಳನ್ನು ಅಳಿಸಿ ನೋಡಿದಾಗ

ಪರಂಪರೆಯನ್ನು ಜಪಾನಿನ ವಾಸ್ತುಶಿಲ್ಪಿ ಕೆಂಜೊ ತಾಂಗೆ (1913–2005) ವೇಗವರ್ಧಕಕ್ಕೆ ಹೋಲಿಸಿದ್ದರು. ಅದು ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುತ್ತದೆ, ಆದರೆ ಕೊನೆಗೆ ದೊರೆಯುವ ವಸ್ತುವಿನಲ್ಲಿ ಅದರ ಗುರುತು ಸಿಗುವುದಿಲ್ಲ ಎಂಬುದು ಅವರ ನಿಲುವು. ಕಟ್ಟಡಗಳ ನಕ್ಷೆ ಬರೆಯುವುದೇ ನನ್ನ ವೃತ್ತಿಯಾದ್ದರಿಂದ, ಈ ಮಾತನ್ನು ಪರೀಕ್ಷಿಸಲು ಅವರದೊಂದು ಕಟ್ಟಡವನ್ನು ಕೈಯಾರೆ ಮತ್ತೆ ಬರೆದು ನೋಡಲು ನಿರ್ಧರಿಸಿದೆ. 1955ರ ಹಿರೋಶಿಮಾ ಶಾಂತಿ ಸ್ಮಾರಕ ವಸ್ತುಸಂಗ್ರಹಾಲಯವನ್ನು ಉದ್ದೇಶಪೂರ್ವಕವಾಗಿಯೇ ಬಿಟ್ಟೆ. ಅಲ್ಲಿ ನೆನಪಿನ ಭಾರ ಎಷ್ಟಿದೆಯೆಂದರೆ ಕಂಬ, ತೊಲೆಗಳನ್ನು ಅದರಿಂದ ಬೇರ್ಪಡಿಸಿ ನೋಡಲು ಮನಸ್ಸು ಒಪ್ಪುವುದಿಲ್ಲ. ನಾನು ಆರಿಸಿಕೊಂಡದ್ದು ಶಿಕೋಕು ದ್ವೀಪದ ತಕಮಾತ್ಸು ನಗರದಲ್ಲಿ 1958ರಲ್ಲಿ ಮುಗಿದ ಕಾಗಾವಾ ಪ್ರಾಂತ್ಯದ ಸರ್ಕಾರಿ ಕಚೇರಿಯನ್ನು.

ಎಂಟು ಅಂತಸ್ತಿನ ಆ ಕಟ್ಟಡದ ಸುತ್ತ ಬಾಲ್ಕನಿಗಳಿವೆ. ಅವುಗಳ ಅಡಿಯಲ್ಲಿ ತೆಳುವಾದ ಕಾಂಕ್ರೀಟ್ ಜಂತಿಗಳು ಒತ್ತೊತ್ತಾಗಿ ಸಾಲುಗಟ್ಟಿವೆ. ರಸ್ತೆಯಿಂದ ನೋಡಿದವರಿಗೆ ಮರದ ಪಗೋಡದ ಸೂರು ನೆನಪಾಗದಿರದು. ಪ್ರಕಟಿತ ನಕ್ಷೆಗಳನ್ನು ಆಧರಿಸಿ ಬಾಲ್ಕನಿಯ ಅಂಚಿನ ಸೆಕ್ಷನ್ನನ್ನು, ಅಂದರೆ ಅದನ್ನು ನೆಟ್ಟಗೆ ಕೊಯ್ದಂತೆ ತೋರಿಸುವ ನಕ್ಷೆಯನ್ನು, ಮಾತ್ರ 1:20ರ ಪ್ರಮಾಣದಲ್ಲಿ ಬರೆದು, ಕಟ್ಟಡದ ಕೆಳಗೆ ನಿಂತು ಕಣ್ಣಳತೆಯಲ್ಲಿ ತಾಳೆ ನೋಡಿದೆ. ಬಳಿಕ ಅದರ ಮೇಲೆ ಟ್ರೇಸಿಂಗ್ ಕಾಗದ ಹಾಸಿ, ಜಂತಿಗಳನ್ನು ಕೈಬಿಟ್ಟು, ಅದೇ ಬಾಲ್ಕನಿಯನ್ನು ಬರಿಯ ಚಪ್ಪಡಿಯಾಗಿ ಬರೆದೆ. ಅಷ್ಟು ದೂರ ಚಾಚಿ ನಿಲ್ಲಲು ಚಪ್ಪಡಿ ದಪ್ಪವಾಗಲೇಬೇಕಾಯಿತು. ಅಂಚು ಭಾರವಾಯಿತು, ಅಂತಸ್ತುಗಳ ನಡುವಿನ ನೆರಳು ಮಂಕಾಯಿತು. ಮರದ ನೆನಪು ತರುವ ಆ ಜಂತಿಗಳು ಅಲಂಕಾರಕ್ಕೆ ಅಂಟಿಸಿದವಲ್ಲ, ಭಾರ ಹೊರುವವು ಎಂಬುದು ಹೀಗೆ ಸ್ಪಷ್ಟವಾಯಿತು.

ಅವು ಅಷ್ಟು ತೆಳುವಾಗಿರಲು ಹೇಗೆ ಸಾಧ್ಯವಾಯಿತು ಎಂಬುದನ್ನು ಹುಡುಕಲು ಕಟ್ಟಡದ ನಡುಭಾಗಕ್ಕೆ ಬರಬೇಕು. ಲಿಫ್ಟು ಮತ್ತು ಮೆಟ್ಟಿಲುಗಳನ್ನು ಸುತ್ತುವರಿದ ಗಟ್ಟಿ ಗೋಡೆಗಳು ಭೂಕಂಪದ ಬಲವನ್ನು ತಡೆದುಕೊಳ್ಳುವುದರಿಂದ ಹೊರಗಿನ ಕಂಬ, ತೊಲೆಗಳು ಹಗುರಾಗಿವೆ. ಇದರ ಹಿಂದಿರುವುದು ಯೋಶಿಕಾತ್ಸು ತ್ಸುಬೊಯಿ ಅವರ ಎಂಜಿನಿಯರಿಂಗ್. ಹಳೆಯ ರೂಪವೊಂದು ಹೊಸ ಲೆಕ್ಕಾಚಾರದ ಬಲದಿಂದ ಮತ್ತೆ ಸಾಧ್ಯವಾದದ್ದು ನನಗೆ ಇಡೀ ಅಭ್ಯಾಸದಲ್ಲಿ ಅತ್ಯಂತ ಬೆಲೆಯುಳ್ಳ ತಿಳಿವು. ಕಾಂಕ್ರೀಟಿನ ಮೇಲೆ ಉಳಿದಿರುವ ಹಲಗೆಯ ಗೆರೆಗಳನ್ನೂ ಗಮನಿಸಬೇಕು: ಆ ಅಚ್ಚುಕಟ್ಟುತನ ಬಂದದ್ದು ಸೆಂಟ್ರಿಂಗ್ ಕಟ್ಟಿದ ಬಡಗಿಗಳ ಕೈಯಿಂದ.

ಅಳಿಸಿ ನೋಡುವ ಈ ಕ್ರಮಕ್ಕೆ ಪ್ರೇರಣೆ ತಾಂಗೆಯವರಿಂದಲೇ ದೊರೆತದ್ದು. ಕ್ಯೋಟೊದ ಕತ್ಸುರಾ ಅರಮನೆಯನ್ನು ಕುರಿತು ಅವರು 1960ರಲ್ಲಿ ತಂದ ಪುಸ್ತಕದಲ್ಲಿ ಇಶಿಮೊಟೊ ಯಾಸುಹಿರೊ ಅವರ ಛಾಯಾಚಿತ್ರಗಳನ್ನು ಕತ್ತರಿಸಿ ಜೋಡಿಸಿದ ರೀತಿಯಲ್ಲಿ ಛಾವಣಿಗಳು ಬಹುಪಾಲು ಹೊರಗುಳಿದು, ಕಂಬಗಳೂ ಬಿಳಿಯ ಫಲಕಗಳೂ ಮಾತ್ರ ಎದ್ದು ಕಾಣುತ್ತವೆ. ಇದು ಕತ್ಸುರಾಕ್ಕೆ ಮಾಡಿದ ಅನ್ಯಾಯವೆನ್ನುವವರ ಮಾತಿನಲ್ಲಿ ಹುರುಳಿದೆ. ಆದರೆ ಪರಂಪರೆಯಿಂದ ತಮಗೆ ಬೇಕಾದದ್ದು ಏನೆಂಬುದನ್ನು ತಾಂಗೆ ಇದಕ್ಕಿಂತ ಸ್ಪಷ್ಟವಾಗಿ ತೋರಿಸಲಾರರು.

ಇದೇ ಪರೀಕ್ಷೆಯನ್ನು ಟೋಕಿಯೊದ ಯೊಯೊಗಿ ಕ್ರೀಡಾಂಗಣಕ್ಕೆ (1964) ಅನ್ವಯಿಸಲು ಹೋದರೆ ಅಳಿಸಲು ಏನೂ ಸಿಗುವುದಿಲ್ಲ. ಎರಡು ಎತ್ತರದ ಕಂಬಗಳ ನಡುವೆ ಉಕ್ಕಿನ ಕೇಬಲ್‌ಗಳಿಂದ ತೂಗುವ ಆ ಛಾವಣಿ ಜಪಾನಿನ ದೇವಾಲಯದ ಛಾವಣಿಯನ್ನು ನೆನಪಿಸುತ್ತದೆಯಾದರೂ, ಇದು ಅಲ್ಲಿಂದ ಬಂದದ್ದು ಎಂದು ಬೆರಳಿಟ್ಟು ತೋರಿಸಬಹುದಾದ ಭಾಗ ಒಂದೂ ಇಲ್ಲ. ಅವರ ವೇಗವರ್ಧಕದ ಮಾತು ಪೂರ್ತಿಯಾಗಿ ಒಪ್ಪುವುದು ಇಲ್ಲಿಗೆ. ಕಾಗಾವಾದಲ್ಲಿ ಗುರುತು ಇನ್ನೂ ಕಣ್ಣಿಗೆ ಬೀಳುತ್ತದೆ. ಹಾಗಿದ್ದೂ ವಾಸ್ತುಶಿಲ್ಪ ಕಲಿಯುವವರಿಗೆ ಮೊದಲು ಕಾಗಾವಾವನ್ನು ಬರೆಯಿರಿ ಎಂದೇ ನಾನು ಹೇಳುತ್ತೇನೆ, ಏಕೆಂದರೆ ಕ್ರಿಯೆ ನಡೆದದ್ದು ಹೇಗೆಂದು ಅಲ್ಲಿ ಗೆರೆಗೆರೆಯಾಗಿ ಹಿಂಬಾಲಿಸಿ ನೋಡಬಹುದು.