ಐಪಿ ವಿಳಾಸದ ತಪಾಸಣೆ: ರೆಜೆಕ್ಸ್ ಕಿತ್ತ ಮೇಲೆ ಸರಿಹೋಯ್ತು

ನಮ್ಮ ಪೈಥಾನ್ ವೆಬ್ ಆ್ಯಪ್‌ನಲ್ಲಿ ಅಡ್ಮಿನ್ ಪುಟಕ್ಕೆ ಯಾವ ಐಪಿಗಳಿಂದ (ನೆಟ್‌ವರ್ಕ್‌ನಲ್ಲಿ ಕಂಪ್ಯೂಟರ್‌ನ ವಿಳಾಸ) ಬರಬಹುದು ಅಂತ ಒಂದು ಪಟ್ಟಿ ಇದೆ. ಹೊಸ ವಿಳಾಸ ಸೇರಿಸುವಾಗ ಹಳೆಯ ರೆಜೆಕ್ಸ್ (ಅಕ್ಷರಗಳು ಒಂದು ಮಾದರಿಗೆ ಹೊಂದುತ್ತವೆಯೇ ಎಂದು ನೋಡುವ ಸೂತ್ರ) ಒಂದು ಅದನ್ನು ನೋಡುತ್ತಿತ್ತು: ಒಂದರಿಂದ ಮೂರು ಅಂಕಿ, ಚುಕ್ಕಿ, ಹೀಗೆ ನಾಲ್ಕು ಭಾಗ. 999.1.1.1 ಆರಾಮಾಗಿ ಪಾಸಾಗುತ್ತಿತ್ತು. ಸರಿಯಾದ ಐಪಿವಿ6 (ಹೊಸ ಬಗೆಯ, ಉದ್ದನೆಯ ಐಪಿ ವಿಳಾಸ) ಹಾಕಿದರೆ ಮಾತ್ರ 'ತಪ್ಪು ವಿಳಾಸ'!

999 ದೊಡ್ಡ ತಲೆನೋವಲ್ಲ. ರೆಜೆಕ್ಸ್ ಉದ್ದ ಮಾಡಿ ಪ್ರತಿ ಭಾಗವನ್ನು ಗರಿಷ್ಠ ಮಿತಿಯಾದ 255ಕ್ಕೆ ನಿಲ್ಲಿಸಬಹುದು. ನಿಜವಾದ ಕಾಟ ಮೊದಲಿಗೆ ಬರುವ ಸೊನ್ನೆಯದು. 010.8.0.1 ಅಂತ ಕೊಟ್ಟರೆ ಕೆಲವು ಲೈಬ್ರರಿಗಳು ಅದನ್ನು 10.8.0.1 ಎಂದು ಓದುತ್ತವೆ. ಇನ್ನು ಕೆಲವು 010 ಅನ್ನು ಆಕ್ಟಲ್ (ಎಂಟರ ಆಧಾರದ ಸಂಖ್ಯೆ) ಎಂದುಕೊಂಡು 8.8.0.1 ಮಾಡಿಬಿಡುತ್ತವೆ. ಒಳಗೆ ಬಿಡುವುದು ಯಾರನ್ನು ಅಂತಲೇ ಗೊತ್ತಾಗಲ್ಲ, ಅಲ್ವಾ? ಪೈಥಾನ್ 3.9.5ರಿಂದ ಅದರ ಜೊತೆಗೇ ಬರುವ ಐಪಿಅಡ್ರೆಸ್ (ipaddress) ಮಾಡ್ಯೂಲ್ ಇಂಥ ಸೊನ್ನೆ ಕಂಡರೆ ವ್ಯಾಲ್ಯೂಎರರ್ (ಬೆಲೆ ಸರಿಯಿಲ್ಲ ಎಂಬ ಎರರ್) ಎಸೆಯುತ್ತದೆ. ಅದಕ್ಕಿಂತ ಹಳೆಯ ಆವೃತ್ತಿಯಾದರೆ ಮೊದಲು ಅಪ್‌ಡೇಟ್ ಮಾಡಿ.

ಹಾಗಾಗಿ ರೆಜೆಕ್ಸ್ ಕಿತ್ತು ಈ ಮಾಡ್ಯೂಲ್ ಹಾಕಿದೆ. ಅಕ್ಕಪಕ್ಕದ ಸ್ಪೇಸ್ ತೆಗೆದು ಅದಕ್ಕೆ ಕೊಡುತ್ತೇನೆ, ಎರರ್ ಬಂದರೆ ಫಾರ್ಮ್ ವಾಪಸ್. ಡೇಟಾಬೇಸ್‌ಗೆ ಹೋಗುವುದು ಬಳಕೆದಾರರು ಟೈಪ್ ಮಾಡಿದ್ದಲ್ಲ, ಮಾಡ್ಯೂಲ್ ತಿರುಗಿ ಕೊಟ್ಟ ರೂಪ. ಯಾಕಂದ್ರೆ ::1 ಮತ್ತು 0:0:0:0:0:0:0:1 ಎರಡೂ ಒಂದೇ ವಿಳಾಸ. ಸುಮ್ನೆ ಸ್ಟ್ರಿಂಗ್ (ಅಕ್ಷರಗಳ ಸಾಲು) ಹೋಲಿಸಿದರೆ ಬೇರೆ ಬೇರೆ ಅನ್ನಿಸುತ್ತವೆ.

ಒಂದು ಕಡೆ ಹುಷಾರು. ಜೇಸನ್‌ನಲ್ಲಿ (ಆ್ಯಪ್‌ಗಳು ಮಾಹಿತಿ ಕಳಿಸುವ ಪಠ್ಯ ರೂಪ, JSON) ಬರೀ 1 ಎಂಬ ಸಂಖ್ಯೆ ಬಂದರೂ ಮಾಡ್ಯೂಲ್ ಅದನ್ನು 0.0.0.1 ಎಂದು ಒಪ್ಪಿಕೊಳ್ಳುತ್ತದೆ. ಮೊದಲೇ ಅದು ಸ್ಟ್ರಿಂಗ್ ಹೌದೋ ಅಲ್ವೋ ನೋಡಿಕೊಳ್ಳಿ. ಡೇಟಾಬೇಸ್‌ನ ಕಾಲಂ ಅಗಲ 15 ಅಕ್ಷರ ಇದ್ದರೆ ಐಪಿವಿ6 ಹಿಡಿಯಲ್ಲ, ನಾನು 45 ಮಾಡಿದೆ.